ಗಾಳಿಗೆ ದಾಕ್ಷಿಣ್ಯವಿಲ್ಲ ಅನ್ನುತ್ತಿದ್ದವರು

ಅವರು ಯಾರ ಮೇಲೂ ದನಿ ಎತ್ತಿದವರಲ್ಲ ಅಂತ ಒಬ್ಬರಾದ ಮೇಲೆ ಒಬ್ಬರು ಮೈಕಿನ ಮುಂದೆ ನಿಂತು ಹೇಳಿದರು. ನಿಜ. ಎತ್ತಲಿಲ್ಲ. ಮೆಲ್ಲಗೆ ಮಾತಾಡಿಯೇ ಮನುಷ್ಯರನ್ನ ಅರೆದು ಹಾಕೋರು. ಕೂಗಾಡೋನ ಎದುರು ನಾವೂ ಕೂಗಬಹುದು. ಮೆಲ್ಲಗೆ ಮಾತಾಡೋನ ಎದುರು ಏನು ಮಾಡೋದು?

ಶ್ರದ್ಧಾಂಜಲಿ ಸಭೆ ಇಟ್ಟಿದ್ದು ಜಯನಗರದ ಒಂದು ಹಾಲಿನಲ್ಲಿ. ಫೋಟೋಗೆ ಗಂಧದ ಹಾರ, ಮುಂದೆ ಒಂದು ಕಟ್ಟು ಊದಿನಕಡ್ಡಿ. ಮೇಲೆ ಫ್ಯಾನು ತಿರುಗುತ್ತಿತ್ತು. ಹೊಗೆಯೆಲ್ಲ ಮುಂದಿನ ಸಾಲಿನವರ ಮುಖಕ್ಕೇ ಬರುತ್ತಿತ್ತು. ಅಲ್ಲಿ ಕೂತವರೆಲ್ಲ ಗಣಿಯೊಳಕ್ಕೆ ಗಾಳಿ ಕಳಿಸೋ ವಿದ್ಯೆ ಓದಿದವರು. ಕೆಮ್ಮಿದರು, ಕರ್ಚೀಫು ಹಿಡಿದರು, ಒಬ್ಬರೂ ಎದ್ದು ಕಡ್ಡೀನ ಪಕ್ಕಕ್ಕೆ ಸರಿಸಲಿಲ್ಲ. ಕೊನೆಗೆ ಸತ್ತವರ ಹೆಂಡತಿಯೇ ಎದ್ದು ಹೋಗಿ ಕಡ್ಡಿಯ ತಲೇನ ನೀರಿನ ಲೋಟಕ್ಕೆ ಅದ್ದಿ ಬಂದರು. ಅಳಲಿಲ್ಲ ಆಯಮ್ಮ. ನಾನೂ ಅಳಲಿಲ್ಲ. ಉಪ್ಪಿಟ್ಟು ಚೆನ್ನಾಗಿತ್ತು, ತಿಂದು ಬಂದೆ.

ಅವರು ನಮ್ಮ ಬಾಡಿಗೆದಾರರು, ನಮ್ಮ ಮನೆಯ ಕೆಳಗೆ ಆಫೀಸು ಇಟ್ಟಿದ್ದರು. ಜೆ.ಪಿ. ನಗರ ಅನ್ನೋ ಹೆಸರು ಬರೋಕೆ ಮುಂಚೆ ನಮ್ಮದು ಅಲ್ಲಿ ಊರು, ರಾಗಿ ಹೊಲ. ಹೊಲ ಹೋಯಿತು, ಉಳಿದ ಒಂದು ತುಂಡಿನಲ್ಲಿ ನಮ್ಮ ಯಜಮಾನರು ಮನೆ ಕಟ್ಟಿಸಿ ಕಣ್ಣು ಮುಚ್ಚಿದರು. ಮೇಲೆ ನಾನು, ಕೆಳಗೆ ಬಾಡಿಗೆ. ಮನೆ ನೋಡಕ್ಕೆ ಬರೋರು ಮೊದಲು ನೀರು ಕೇಳ್ತಾರೆ, ಆಮೇಲೆ ಪಾರ್ಕಿಂಗು ಕೇಳ್ತಾರೆ. ಈ ಮನುಷ್ಯ ಏನೂ ಕೇಳಲಿಲ್ಲ. ಜೇಬಿಂದ ಊದಿನಕಡ್ಡಿ ತೆಗೆದು ಹಚ್ಚಿದರು. ದೇವರ ಮೂಲೆ ಹುಡುಕ್ತಾರೇನೋ ಅಂದುಕೊಂಡೆ. ಹಾಲಿನ ನಡುವೆ ನಿಂತು ಹೊಗೆ ಎತ್ತ ಹೋಗುತ್ತೆ ಅಂತ ನೋಡಿದರು. ಆಮೇಲೆ ಒಂದೊಂದು ಬಾಗಿಲಲ್ಲಿ ನಿಂತು ನೋಡಿದರು.

‘ನಿಮ್ಮ ಮನೇಲಿ ಗಾಳಿ ಬೀದಿ ಬಾಗಿಲಿಂದ ಬಂದು ಸೀದಾ ಹಿತ್ತಲಿಗೆ ಓಡಿಹೋಗುತ್ತೆ ಅಮ್ಮಾವ್ರೇ. ಆ ಬಚ್ಚಲ ಪಕ್ಕದ ಮೂಲೆ ಇದೆಯಲ್ಲ, ಅಲ್ಲಿ ಕೂತವರು ನಿನ್ನೆ ಬಿಟ್ಟ ಉಸಿರನ್ನೇ ಇವತ್ತು ಎಳ್ಕೋಬೇಕು’ ಅಂದರು.

ಎಷ್ಟು ತಿಳಿದವರಪ್ಪ ಅನ್ನಿಸಿತು. ಆಫೀಸು ಶುರುವಾದ ದಿನ ಕೆಳಗೆ ಇಳಿದು ನೋಡಿದರೆ, ಅವರ ಮೇಜು ಗಾಳಿ ದಾರಿಯಲ್ಲಿ. ಕೆಲಸಕ್ಕೆ ಸೇರಿದ ಹುಡುಗರ ಮೇಜು ಬಚ್ಚಲ ಪಕ್ಕದ ಮೂಲೆಯಲ್ಲಿ. ಯಾಕೆ ಸಾರ್ ಅಂದೆ. ಸುಖವಾಗಿ ಕೂತವನು ಲೆಕ್ಕ ತಪ್ಪುತ್ತಾನೆ ಅಂದರು. ಹಾಗಾದರೆ ನೀವು ಅಂತ ಕೇಳಬೇಕು ಅನ್ನಿಸಿತು. ಬಾಡಿಗೆದಾರರು ಹೊಸಬರು, ಕೇಳಲಿಲ್ಲ.

ಒಳ್ಳೆಯದೂ ಒಂದು ಹೇಳಿಬಿಡ್ತೀನಿ, ಆಮೇಲೆ ಈ ಮುದುಕಿ ಬರೀ ಕೆಟ್ಟದ್ದು ಬರೆದಳು ಅನ್ನಬೇಡಿ. ನಮ್ಮ ಅಡಿಗೆಮನೇಲಿ ಮೆಣಸಿನಕಾಯಿ ಹುರಿದರೆ ಮನೆಯೆಲ್ಲ ಕೆಮ್ಮು. ಒಂದು ಸಲ ಬಾಡಿಗೆ ಚೆಕ್ಕು ಕೊಡಕ್ಕೆ ಮೇಲೆ ಬಂದವರು ಕಡ್ಡಿ ಹಚ್ಚಿ ನೋಡಿ, ಹೊಗೆ ಹೋಗೋಕೆ ಮೇಲೆ ಕಿಂಡಿ ಇದ್ದರೆ ಸಾಲದು, ಗಾಳಿ ಬರೋಕೆ ಕೆಳಗೆ ಒಂದು ಬೇಕು, ಈ ಗೋಡೆ ಬುಡದಲ್ಲಿ ಒಂದು ಇಟ್ಟಿಗೆ ತೆಗೆಸಿ ಅಂದರು. ತೆಗೆಸಿದೆ. ಅವತ್ತಿಂದ ಕಣ್ಣಲ್ಲಿ ನೀರಿಲ್ಲ. ವಿದ್ಯೆ ಇತ್ತು. ಅದರ ಮೇಲೆ ನನಗೆ ಜಗಳ ಇಲ್ಲ.

ಅವರ ಕೆಲಸ ಏನು ಅಂತ ನನಗೆ ಅರ್ಥವಾದಷ್ಟು ಬರೀತೀನಿ. ನಾನು ಓದಿದ್ದು ಎರಡನೇ ಕ್ಲಾಸು.

ಹಾಲಿನ ಗೋಡೆ ಉದ್ದಕ್ಕೂ ಒಂದು ಕಾಗದ ಅಂಟಿಸಿದ್ದರು. ತುಂಬ ಗೆರೆ, ಗೆರೆ ಸೇರೋ ಕಡೆ ಒಂದೊಂದು ಸೊನ್ನೆ. ರಂಗೋಲಿ ಹಾಕಕ್ಕೆ ಬರದೋರು ಹಾಕಿದ ಹಾಗೆ. ಹುಡುಗರು ಅದನ್ನ ನೆಟ್‌ವರ್ಕು ಅನ್ನೋರು. ನಾನು ಫೋನಿಗೆ ಸಂಬಂಧಪಟ್ಟದ್ದು ಅಂದುಕೊಂಡಿದ್ದೆ. ಅಲ್ಲವಂತೆ, ಅದು ಗಣಿಯಂತೆ. ಗೆರೆ ಅಂದರೆ ನೆಲದೊಳಗಿನ ದಾರಿ. ಸೊನ್ನೆ ಅಂದರೆ ದಾರಿಗಳು ಕೂಡೋ ಜಾಗ. ಒಂದು ಬಾವಿಯಿಂದ ಗಾಳಿ ಒಳಕ್ಕೆ ಇಳಿಯುತ್ತೆ, ಇನ್ನೊಂದು ಬಾವಿಯ ಬಾಯಲ್ಲಿ ಕೂತ ದೊಡ್ಡ ಫ್ಯಾನು ಅದನ್ನ ಎಳೆದು ಹೊರಕ್ಕೆ ಹಾಕುತ್ತೆ. ನಡುವೆ ಎಷ್ಟು ದಾರಿ ಇದೆಯೋ ಅಷ್ಟಕ್ಕೂ ಗಾಳಿ ಹಂಚಿಹೋಗುತ್ತೆ. ಯಾವ ದಾರಿಗೆ ಎಷ್ಟು, ಎಲ್ಲಿ ಬಾಗಿಲು ಕಟ್ಟಬೇಕು, ಅದನ್ನ ಗಣಿ ತೋಡೋ ಮುಂಚೆ ಇಲ್ಲಿ ಕೂತು ಲೆಕ್ಕ ಹಾಕೋದು. ಒಂದು ಗೆರೆ ಮುಟ್ಟಿದರೆ ಎಲ್ಲ ಗೆರೆಯೂ ಅಲುಗಾಡುತ್ತೆ, ಅದಕ್ಕೇ ಕಂಪ್ಯೂಟರು.

‘ಗಾಳಿ ಸೋಮಾರಿ ಅಮ್ಮಾವ್ರೇ. ಹತ್ತಿರದ ದಾರಿ ಸಿಕ್ಕಿದರೆ ದೂರಕ್ಕೆ ಹೋಗಲ್ಲ. ಕೊನೇಲಿ ಕೆಲಸ ಮಾಡೋನಿಗೆ ಉಸಿರು ಸಿಗಬೇಕು ಅಂದ್ರೆ ಹತ್ತಿರದವನ ಬಾಗಿಲು ಅರ್ಧ ಮುಚ್ಚಬೇಕು. ಗಾಳಿಗೆ ದಾಕ್ಷಿಣ್ಯ ಇಲ್ಲ, ಅದನ್ನ ಕಳಿಸೋನಿಗೂ ಇರಬಾರದು.’

ಇದು ಅವರ ಮಾತು. ದಿನಕ್ಕೊಂದು ಸಲ ಯಾರಿಗಾದರೂ ಹೇಳೋರು. ಎಲ್ಲೋ ನೆಲದೊಳಗಿನ ಮುಖ ಕಾಣದ ಮನುಷ್ಯನಿಗೆ ಉಸಿರು ಕಳಿಸ್ತೀನಿ ಅಂತ, ಎದುರಿಗಿದ್ದೋರ ಉಸಿರು ಅರ್ಧ ಮುಚ್ಚಿಟ್ಟಿದ್ದರು. ಹೆಂಡತಿ ತ್ಯಾಗರಾಜನಗರದಿಂದ ಆಟೋದಲ್ಲಿ ಊಟದ ಡಬ್ಬಿ ತಂದರೆ ಗೇಟಿನಲ್ಲೇ ಇಸ್ಕೊಂಡು ಕಳಿಸೋರು. ಆಯಮ್ಮ ನಮ್ಮ ಮೆಟ್ಟಿಲ ಮೇಲೆ ಕೂತು ಸುಧಾರಿಸಿಕೊಂಡು ಹೋಗೋರು. ಒಂದು ದಿನ ಒಳಕ್ಕೆ ಹೋಗಿ ಕೂತ್ಕೊಳ್ಳಿ ಅಂದೆ. ‘ಬೇಡ ರೀ, ಅಲ್ಲಿ ನಂಗೆ ಬಾಣ ಹಾಕಿಲ್ಲ’ ಅಂದರು. ನಗುತ್ತಲೇ ಅಂದರು.

ಬಾಣದ ವಿಷಯ ಇನ್ನೂ ಹೇಳಿಲ್ಲ ಅಲ್ಲವೇ. ಎಲ್ಲ ಇರೋದು ಅದರಲ್ಲೇ.

ಲೆಕ್ಕ ಶುರು ಮಾಡೋ ಮುಂಚೆ ಒಂದೊಂದು ಗೆರೆಯಲ್ಲೂ ಗಾಳಿ ಯಾವ ಕಡೆಗೆ ಹೋಗಬಹುದು ಅಂತ ಅಂದಾಜಿಗೆ ಒಂದು ಬಾಣ ಬರೀಬೇಕಂತೆ. ಅದನ್ನ ಅವರೇ ಬರೆಯೋರು, ಕೆಂಪು ಪೆನ್ಸಿಲಿನಲ್ಲಿ. ಬೇರೆ ಯಾರೂ ಆ ಪೆನ್ಸಿಲು ಮುಟ್ಟೋ ಹಾಗಿಲ್ಲ. ಆಮೇಲೆ ಹುಡುಗರು ಲೆಕ್ಕ ಹಾಕಬೇಕು. ಉತ್ತರ ಬರೀ ಸಂಖ್ಯೆಯಾಗಿ ಬಂದರೆ ಬಾಣ ಸರಿ. ಸಂಖ್ಯೆಯ ಹಿಂದೆ ಮೈನಸ್ ಬಂದರೆ ಗಾಳಿ ಬಾಣಕ್ಕೆ ಎದುರಾಗಿ ಹೋಗುತ್ತೆ ಅಂತ ಅರ್ಥ. ಅದರಲ್ಲಿ ಯಾರ ತಪ್ಪೂ ಇಲ್ಲವಂತೆ, ಬಾಣ ತಿರುಗಿಸಿ ಬರೆದರೆ ಮುಗಿಯಿತಂತೆ. ಪುಸ್ತಕದಲ್ಲೂ ಹಾಗೇ ಇದೆಯಂತೆ.

ಇವರ ಆಫೀಸಿನಲ್ಲಿ ಮಾತ್ರ ಹಾಗಿರಲಿಲ್ಲ. ಇವರ ಬಾಣದ ಮೇಲೆ ಮೈನಸ್ ಬಂತು ಅಂದರೆ ಲೆಕ್ಕ ಹಾಕಿದವನಿಗೆ ತಲೆ ಇಲ್ಲ ಅಂತ. ಅಂಥವರಿಗೆ ಒಂದು ಶಿಕ್ಷೆ ಇಟ್ಟಿದ್ದರು. ಕೈಗೆ ಉರಿಯೋ ಊದಿನಕಡ್ಡಿ ಕೊಟ್ಟು ಬೀದಿ ಬಾಗಿಲಲ್ಲಿ ನಿಲ್ಲಿಸೋದು. ಕಡ್ಡಿ ಪೂರ್ತಿ ಉರಿಯೋವರೆಗೂ ನಿಲ್ಲಬೇಕು. ಗಾಳಿ ಯಾವ ಕಡೆ ಹೋಗುತ್ತೆ ಕಲಿತ್ಕೊಂಡು ಬಾ ಅನ್ನೋರು, ಮೆಲ್ಲಗೆ, ಮಗೂಗೆ ಹೇಳೋ ಹಾಗೆ. ಎಂಜಿನಿಯರಿಂಗ್ ಮುಗಿಸಿ ಅದರ ಮೇಲೂ ಓದಿ ಬಂದ ಮಕ್ಕಳು ಕಡ್ಡಿ ಹಿಡಿದು ನಿಲ್ಲೋವು. ಒಳಗೆ ಉಳಿದೋರಿಗೆ ಅಷ್ಟು ಹೊತ್ತಿಗೆ ಸರಿಯಾಗಿ ಬಿಸ್ಕೆಟ್ಟು ಹಂಚೋರು.

ಹುಡುಗರು ಬಂದರು, ಹೋದರು. ಉಳಿದ ಕೆಲವರಲ್ಲಿ ಒಂದು ಹುಡುಗಿ. ಬೊಮ್ಮನಹಳ್ಳಿಯವಳು. ತಾಯಿ ಗಾರ್ಮೆಂಟ್ಸಿನಲ್ಲಿ ಹೊಲಿದ ಬಟ್ಟೆಯ ದಾರ ಕತ್ತರಿಸೋಳು, ತಂದೆ ಇಲ್ಲ. ಸಿಲ್ಕ್ ಬೋರ್ಡಿನ ಆ ಜಾಮು ದಾಟಿ ಬಂದು ಎಲ್ಲರಿಗಿಂತ ಮುಂಚೆ ಬೀಗ ತೆಗೆಯೋಳು. ಆಫೀಸಿನೊಳಗೆ ಊಟದ ವಾಸನೆ ಬರಬಾರದು ಅಂತ ಅವಳು ಉಣ್ಣೋದು ನಮ್ಮ ಮೆಟ್ಟಿಲ ಮೇಲೆ. ನನ್ನನ್ನ ಅಜ್ಜಿ ಅನ್ನೋಳು. ಚಿತ್ರಾನ್ನ ತಂದ ದಿನ ನನಗೂ ಒಂದು ತುತ್ತು. ಸುಂದರಿ ಅಲ್ಲ, ಮಾತುಗಾತಿ ಅಲ್ಲ. ಲೆಕ್ಕ ಹಾಕೋಳು, ಅಷ್ಟೆ. ಅವಳಿಗೆ ಇವರು ಇಟ್ಟ ಹೆಸರು ಮೈನಸ್ಸಮ್ಮ. ಮೈನಸ್ ಬಂದರೆ ಹೋಗಿ ಹೇಳೋಳು ಅವಳೊಬ್ಬಳೇ. ಉಳಿದವರಿಗೆ ಬರುತ್ತಿರಲಿಲ್ಲವೇ ಅಂತ ನೀವು ಕೇಳಬಹುದು. ಬರುತ್ತಿತ್ತೋ, ಏನು ಮಾಡುತ್ತಿದ್ದರೋ, ನನಗೆ ಗೊತ್ತಿಲ್ಲ.

ಒಂದು ದೊಡ್ಡ ಗಣಿಯ ಕೆಲಸ ಬಂತು. ಎಲ್ಲಿಯದು ಅಂತ ಬರೆಯೋದಿಲ್ಲ. ಹೊಸದಾಗಿ ಒಂದು ಭಾಗ ತೋಡುತ್ತಿದ್ದರು, ಅದಕ್ಕೆ ಗಾಳಿಯ ಪ್ಲಾನು. ಅಕ್ಕಪಕ್ಕ ಎರಡು ಉದ್ದನೆ ದಾರಿ, ನಮ್ಮ ಲೇಔಟಿನ ಎರಡು ಮೇನ್ ರೋಡು ಇದ್ದ ಹಾಗೆ. ನಡುವೆ ಅವೆರಡನ್ನೂ ಸೇರಿಸೋ ಒಂದು ಕ್ರಾಸು. ಆ ಕ್ರಾಸಿನ ಒಂದು ತುದಿಯಲ್ಲಿ ಕೆಲಸಗಾರರು ಕೂತು ಉಣ್ಣೋ ಜಾಗ. ಇನ್ನೊಂದು ತುದಿಯ ಆಚೆಗೆ ಬಂಡೆಗೆ ಸಿಡಿಮದ್ದು ಇಡೋ ಜಾಗ. ಮೇನ್ ರೋಡಿನಲ್ಲಿ ಗಾಳಿ ಯಾವ ಕಡೆ ಅಂತ ಯಾರು ಬೇಕಾದರೂ ಹೇಳಬಹುದು. ಕ್ರಾಸಿನಲ್ಲಿ ಹೇಳಕ್ಕಾಗಲ್ಲ. ಯಾವ ಮೇನಿನಲ್ಲಿ ಒತ್ತಡ ಜಾಸ್ತಿಯೋ ಅಲ್ಲಿಂದ ಇನ್ನೊಂದಕ್ಕೆ ನುಗ್ಗುತ್ತೆ. ಇದನ್ನೆಲ್ಲ ನನಗೆ ಆಮೇಲೆ ಆ ಹುಡುಗಿ ಮೆಟ್ಟಿಲ ಮೇಲೆ ಕೂತು, ನಾನು ಹರಡಿದ್ದ ಅವರೆಕಾಳು ಜೋಡಿಸಿ ತೋರಿಸಿದ್ದು.

ಆ ಕ್ರಾಸಿನ ಮೇಲೆ ಅವರು ಬಾಣ ಬರೆದಾಗ ನಾನು ಅಲ್ಲೇ ಇದ್ದೆ. ನಲ್ಲಿ ಸೋರುತ್ತೆ ಅಂದಿದ್ದರು, ಪ್ಲಂಬರನ್ನ ಕರ್ಕೊಂಡು ಒಳಕ್ಕೆ ಹೋಗಿದ್ದೆ. ಕೈ ಒಂದು ಚಣ ನಿಲ್ಲಲಿಲ್ಲ. ಬಾಡಿಗೆ ರಶೀದಿಗೆ ನಾನು ರುಜು ಹಾಕೋವಷ್ಟು ಹೊತ್ತೂ ಆಗಲಿಲ್ಲ. ಉಣ್ಣೋ ಜಾಗದ ಕಡೆಯಿಂದ ಸಿಡಿಮದ್ದಿನ ಕಡೆಗೆ, ಸರ್ರನೆ ಒಂದು ಕೆಂಪು ಬಾಣ.

ಹುಡುಗಿಗೆ ಅದೇ ಗೆರೆಯಲ್ಲಿ ಮೈನಸ್ ಬಂತು, ಅಂದರೆ ಗಾಳಿ ಸಿಡಿಮದ್ದಿನ ಕಡೆಯಿಂದ ಉಣ್ಣೋ ಜಾಗಕ್ಕೆ. ಒಳಗೆ ಮಾತಾಡಿದ್ದು ಕಿಟಕಿಯಿಂದ ಕೇಳಿಸಿತು.

‘ಸಾರ್, ಕ್ರಾಸಲ್ಲಿ ಮೈನಸ್ ಬರ್ತಿದೆ.’

‘ಯಾರಿಗೆ?’

‘ಲೆಕ್ಕದಲ್ಲಿ ಸಾರ್.’

‘ಲೆಕ್ಕ ತಾನೇ ಕೂತು ಮಾಡ್ಕೊಳ್ತಾ? ನೀನು ಮಾಡ್ದೆ. ನಂಗೆ ಬರ್ತಿದೆ ಅನ್ನು.’

‘ನಂಗೆ ಬರ್ತಿದೆ ಸಾರ್. ಬಾಣ ತಿರುಗಿಸಿದ್ರೆ ಸರಿಹೋಗುತ್ತೆ.’

‘ನಾನು ಗಣಿಗೆ ಇಳಿಯೋ ಕಾಲಕ್ಕೆ ನಿಮ್ಮಮ್ಮ ದಾರ ಕತ್ತರಿಸ್ತಿದ್ಲು. ಈಗ್ಲೂ ಅದೇ ಅಲ್ವಾ? ತಿರುಗಿಸ್ಬೇಕಾದ್ದು ಬಾಣ ಅಲ್ಲ ಮಗೂ, ನಿನ್ನ ತಲೆ.’

ಕಡ್ಡಿ ಕೊಟ್ಟು ಬಾಗಿಲಿಗೆ ಕಳಿಸಿದರು. ಸೊಪ್ಪಿನ ಗಾಡಿಯವಳು ಬಂದಳು. ಯಾವ ದೇವರಿಗಮ್ಮಾ ಅಂದಳು. ಗಾಳಿ ದೇವರಿಗೆ ಅಂದಿತು ಹುಡುಗಿ. ಕಣ್ಣಲ್ಲಿ ನೀರಿತ್ತು. ಹೊಗೆಗೆ ಅಂತ ತಿಳಿದು ಸೊಪ್ಪಿನವಳು ಒಂದು ಕೈ ಮುಗಿದು ಮುಂದೆ ಹೋದಳು.

ಮಾರನೇ ದಿನ ಮತ್ತೆ ಲೆಕ್ಕ, ಮತ್ತೆ ಮೈನಸ್. ಈ ಸಲ ಕಡ್ಡಿ ಕೊಡಲಿಲ್ಲ. ನಾಳೆಯೂ ಅದು ಮೈನಸ್ ಬಂದರೆ ಈ ಆಫೀಸಿಂದ ನೀನೂ ಮೈನಸ್ ಅಂದರಂತೆ. ಹುಡುಗಿ ಮಾರನೇ ದಿನ ಮೈನಸ್ಸಿನ ಆ ಸಣ್ಣ ಗೆರೆ ಅಳಿಸಿ ಕೊಟ್ಟಿತು. ಲೆಕ್ಕ ತಿದ್ದಲಿಲ್ಲ, ಸಂಖ್ಯೆ ತಿದ್ದಲಿಲ್ಲ. ಸಂಖ್ಯೆಯ ಹಿಂದಿದ್ದ ಒಂದು ಅಡ್ಡ ಗೆರೆ. ನೋಡಿದ್ಯಾ, ತಲೆ ತಿರುಗಿತು ಅಂದರು ಇವರು. ಬಿಸ್ಕೆಟ್ಟು ಕೊಟ್ಟರು. ಅವಳು ಅದನ್ನ ತಿನ್ನದೆ ಮೆಟ್ಟಿಲ ಮೇಲೆ ಇಟ್ಟು ಹೋದಳು. ಇರುವೆ ಮುತ್ತಿದವು, ನಾನೇ ಗುಡಿಸಿದೆ.

ಗಣಿಯಲ್ಲಿ ಪ್ಲಾನಿನ ಪ್ರಕಾರ ಬಾಗಿಲು ಕಟ್ಟಿದರು. ಕಟ್ಟಿದ ಮೇಲೆ ಹೊಗೆ ಬಿಟ್ಟು ಗಾಳಿ ಎತ್ತ ಹೋಗುತ್ತೆ ನೋಡಬೇಕಂತೆ. ಅಲ್ಲಿಯವರು ನೋಡಲಿಲ್ಲ. ಇಷ್ಟು ದೊಡ್ಡ ಮನುಷ್ಯರ ಬಾಣ ಇದೆಯಲ್ಲ, ಇನ್ನು ನೋಡೋದೇನು ಅಂದುಕೊಂಡರಂತೆ. ಸಿಡಿಮದ್ದು ಸಿಡಿದ ಮೇಲೆ ಅದರ ಹೊಗೆ ಕ್ರಾಸಿನಲ್ಲಿ ಹಿಂದಕ್ಕೆ ಬಂತು, ಉಣ್ಣೋ ಜಾಗಕ್ಕೆ. ಎಲ್ಲರಿಗಿಂತ ಮುಂಚೆ ಬಂದು ಡಬ್ಬಿ ಬಿಚ್ಚಿ ಕೂತಿದ್ದ ಒಬ್ಬ ಅಲ್ಲೇ ಸತ್ತ. ಆಮೇಲೆ ಬಂದೋರು ದೂರದಿಂದ ನೋಡಿ ಓಡಿ ಉಳಿದುಕೊಂಡರು. ಸತ್ತವನ ಹೆಸರು ನನಗೆ ಗೊತ್ತಿಲ್ಲ. ಇವರಿಗೆ ಗೊತ್ತಿತ್ತೋ ಇಲ್ಲವೋ, ಅವರ ಬಾಯಲ್ಲಿ ನಾನು ಕೇಳಲಿಲ್ಲ. ಯಾವ ಮನುಷ್ಯನಿಗೆ ಉಸಿರು ಕಳಿಸಬೇಕು ಅಂತ ಎಲ್ಲರ ಬಾಗಿಲು ಮುಚ್ಚಿದರೋ, ಸತ್ತವನು ಅವನೇ.

ಇವರು ಗಣಿಗೆ ಹೋಗಿ ನೋಡಿ ಬಂದರು. ಬಂದವರೇ ಹುಡುಗೀನ ಎದುರಿಗೆ ನಿಲ್ಲಿಸಿಕೊಂಡರು. ಬಾಗಿಲು ತೆಗೆದೇ ಇತ್ತು. ನಾನು ಮೆಟ್ಟಿಲಲ್ಲಿದ್ದೆ.

‘ಮೈನಸ್ ಬಂದಿತ್ತಾ?’

‘ಬಂದಿತ್ತು ಸಾರ್.’

‘ಅಳಿಸಿದ್ಯಾ?’

‘ಅಳಿಸಿದೆ ಸಾರ್.’

‘ಯಾಕೆ?’

‘ನಿಮಗೆ ಹೆದರಿ.’

‘ನಂಗೆ ಹೆದರಿದೆ. ಗಾಳಿಗೆ ಹೆದರ್ಲಿಲ್ಲ’ ಅಂದರು.

ಅವತ್ತೂ ದನಿ ಎತ್ತಲಿಲ್ಲ. ವಿಚಾರಣೆಗೆ ಬಂದವರ ಮುಂದೆ ಒಂದೇ ಮಾತು ಹೇಳಿದರು. ಕೈಕೆಳಗಿನ ಹುಡುಗಿ ಉತ್ತರ ತಿದ್ದಿದ್ದಾಳೆ ಅಂತ. ಸುಳ್ಳಲ್ಲ. ಆ ಉತ್ತರ ಎರಡು ಸಲ ತಮ್ಮ ಮುಂದೆ ಬಂದಿತ್ತು, ಬಾಣ ತಮ್ಮದು, ಕಡ್ಡಿ ಹಿಡಿಸಿದ್ದು ತಾವು, ಅದನ್ನ ಯಾರೂ ಕೇಳಲಿಲ್ಲ, ಇವರೂ ಹೇಳಲಿಲ್ಲ. ಉಳಿದ ಹುಡುಗರು ತಲೆ ತಗ್ಗಿಸಿ ಕಂಪ್ಯೂಟರು ನೋಡುತ್ತಾ ಕೂತರು. ಅವರೇ ಮೊನ್ನೆ ಮೈಕಿನ ಮುಂದೆ ನಿಂತಿದ್ದು.

ಹುಡುಗಿಯ ಕೆಲಸ ಹೋಯಿತು. ಕೆಲವು ತಿಂಗಳಾದ ಮೇಲೆ ಒಂದು ದಿನ ಹುಡುಗಿ ಬಂತು. ಬೇರೆ ಊರಿನಲ್ಲಿ ಇದೇ ಗಾಳಿ ಲೆಕ್ಕದ ಕೆಲಸಕ್ಕೆ ಕರೆದಿದ್ದಾರೆ, ಆದರೆ ನಡೆದದ್ದು ಅವರ ಕಿವಿಗೂ ಬಿದ್ದಿದೆ, ಸಾರ್ ಒಂದು ಮಾತು ಹೇಳಿದರೆ ತಗೋತಾರೆ ಅಂತ. ತಾನು ಅಳಿಸಿಲ್ಲ ಅಂತ ಹೇಳಿ ಅನ್ನಲಿಲ್ಲ ಅವಳು. ಮೈನಸ್ ಬಂದಾಗ ನಾನು ನಿಮಗೆ ತಂದು ತೋರಿಸಿದ್ದೆ ಅಂತ, ಅಷ್ಟು ಹೇಳಿ ಸಾರ್ ಅಂದಳು. ಓದಿದ್ದು ಅದೊಂದೇ ವಿದ್ಯೆ. ಇವರು ಹೂಂ ಅಂದರೆ ಅದರಲ್ಲಿ ಬದುಕು, ಇಲ್ಲದಿದ್ದರೆ ತಾಯಿಯ ಪಕ್ಕದಲ್ಲಿ ಜಾಗ.

‘ಅಳಿಸಿದ ಕೈ ಯಾರದು?’ ಅಂದರು.

‘ನಂದು ಸಾರ್.’

‘ನಾನು ಹೇಳಿರೋದು ಅಷ್ಟೇ. ಅದಕ್ಕೆ ಸೇರಿಸೋದೂ ಇಲ್ಲ, ಕಳೆಯೋದೂ ಇಲ್ಲ.’

ಅವಳು ಗೇಟು ದಾಟಿ ಹೋದ ಮೇಲೆ ನಾನು ಕೆಳಗೆ ಇಳಿದೆ. ಆ ಬಾಣ ನೀವು ಬರೆದದ್ದು, ನಾನು ಕಣ್ಣಾರೆ ನೋಡಿದೀನಿ ಸಾರ್ ಅಂದೆ. ನನ್ನ ಕಡೆ ನೋಡಿ ನಕ್ಕರು. ನೋಡಿದ್ರೆ ನೀವೇ ಹೋಗಿ ಹೇಳಿ ಅಮ್ಮಾವ್ರೇ, ನಿಮ್ಮ ಎರಡನೇ ಕ್ಲಾಸನ್ನ ಯಾರು ಕೇಳ್ತಾರೆ ನೋಡೋಣ ಅಂದರು. ಮನೆ ಖಾಲಿ ಮಾಡಿಸಬಹುದಿತ್ತು. ಮಾಡಿಸಲಿಲ್ಲ. ಬಾಡಿಗೆ ಸರಿಯಾಗಿ ಕೊಡೋರು, ಗೋಡೆಗೆ ಮೊಳೆ ಹೊಡೆಯೋರಲ್ಲ.

ಇನ್ನೊಂದು ಇದೆ. ಅದನ್ನ ಬರೆಯೋದೋ ಬೇಡವೋ ಅಂತ ತುಂಬ ಯೋಚನೆ ಮಾಡಿದೆ.

ಅದಾದ ಮೇಲಿನ ಭಾನುವಾರ ಮಧ್ಯಾಹ್ನ. ಆಫೀಸಿಗೆ ರಜ. ನಾನು ಮೇಲೆ ಹಪ್ಪಳ ಒಣಗಿಸುತ್ತಿದ್ದೆ, ಮೆಟ್ಟಿಲಿಂದ ಊದಿನಕಡ್ಡಿ ವಾಸನೆ ಏರಿ ಬಂತು. ರಜದಲ್ಲಿ ಯಾರಿಗೆ ಶಿಕ್ಷೆ ಅಂತ ಇಳಿದು ನೋಡಿದೆ. ಬಾಗಿಲು ಒಳಗಿಂದ ಹಾಕಿತ್ತು. ಪಕ್ಕದ ಕಿಟಕಿ ಕದ ಸಂದಿ ಬಿಟ್ಟಿತ್ತು. ಒಳಗೆ ಅವರೊಬ್ಬರೇ. ಬಚ್ಚಲ ಪಕ್ಕದ ಮೂಲೆಯಲ್ಲಿ, ಆ ಹುಡುಗಿಯ ಮೇಜಿನ ಹತ್ತಿರ, ಕೈಯಲ್ಲಿ ಉರಿಯೋ ಕಡ್ಡಿ ಹಿಡಿದು ನೆಟ್ಟಗೆ ನಿಂತಿದ್ದರು. ಹೊಗೆ ಅಲುಗಾಡದೆ ಅವರ ಮುಖದ ಸುತ್ತಲೇ ನಿಂತಿತ್ತು. ಕಡ್ಡಿ ಕಡೆಯವರೆಗೂ ಉರಿದು ಬೆರಳು ಸುಟ್ಟಿತು. ಬಿಡಲಿಲ್ಲ. ನನ್ನನ್ನ ನೋಡಿದರು. ಆಗಲೂ ಬಿಡಲಿಲ್ಲ. ನಾನು ಹಪ್ಪಳಕ್ಕೆ ಕಾಗೆ ಬಂದಾವು ಅಂತ ಮೇಲೆ ಹೋದೆ. ಆಮೇಲೂ ಎಷ್ಟೋ ಭಾನುವಾರ ಆ ವಾಸನೆ ಬಂತು. ಮತ್ತೆ ನಾನು ಇಳಿಯಲಿಲ್ಲ.

ಇದನ್ನ ಆ ಸಭೆಯಲ್ಲಿ ಹೇಳಿದ್ದರೆ ಜನ ಕಣ್ಣೊರೆಸಿಕೊಳ್ಳೋರು. ಎಂಥ ದೊಡ್ಡ ಮನಸ್ಸು, ತನಗೆ ತಾನೇ ಶಿಕ್ಷೆ ಕೊಟ್ಟುಕೊಂಡರು ಅನ್ನೋರು. ನನಗೆ ಹಾಗೆ ಕಾಣಲಿಲ್ಲ. ಹುಡುಗೀನ ನಿಲ್ಲಿಸಿದ್ದು ಬೀದಿ ಬಾಗಿಲಲ್ಲಿ, ಸೊಪ್ಪಿನವಳ ಮುಂದೆ. ತಾವು ನಿಂತದ್ದು ಒಳಗೆ, ಚಿಲಕ ಹಾಕಿಕೊಂಡು. ಬೆರಳು ಸುಟ್ಟುಕೊಳ್ಳೋದು ಅವರಿಗೆ ಸಲೀಸು. ಬಾಯಿ ಬಿಟ್ಟು ಒಂದು ಮಾತು ಹೇಳೋದು ಆಗಲಿಲ್ಲ.

ಹೃದಯ ನಿಂತು ಹೋದರಂತೆ, ನಿದ್ದೆಯಲ್ಲಿ. ಒಳ್ಳೆ ಸಾವು. ಕೆಳಗಿನ ಮನೆ ಈಗ ಖಾಲಿ ಇದೆ. ಗೋಡೆಯ ಕಾಗದ ಕಿತ್ತರೆ ಸುಣ್ಣವೂ ಜೊತೆಗೆ ಬಂತು.

ಸಭೆ ಮುಗಿಸಿ ಬಂದು ಹುಡುಗಿಗೆ ಫೋನು ಮಾಡಿದೆ. ಅವಳು ಈಗ ಬೊಮ್ಮನಹಳ್ಳಿಯಲ್ಲೇ ಗಾರ್ಮೆಂಟ್ಸಿನಲ್ಲಿದ್ದಾಳೆ. ದಾರ ಕತ್ತರಿಸೋದಲ್ಲ, ಪೀಸು ಎಣಿಸಿ ಬರೆಯೋದು. ಹಿಂದಿನಿಂದ ಮಷೀನುಗಳ ಸದ್ದು ಬರುತ್ತಿತ್ತು. ನಿಮ್ಮ ಸಾರ್ ಹೋದರು ಅಂದೆ.

‘ನನ್ನ ವಿಷ್ಯ ಏನಾದ್ರೂ ಹೇಳಿದ್ರಾ ಅಜ್ಜಿ? ಕೊನೇಲಾದ್ರೂ? ಯಾರ ಹತ್ರನಾದ್ರೂ?’

ಭಾನುವಾರದ ಕಡ್ಡಿ ನನ್ನ ನಾಲಿಗೆ ತುದಿಗೆ ಬಂದಿತ್ತು. ಹೇಳಿದ್ದರೆ ಆ ಹುಡುಗಿ ಅಲ್ಲೇ ಅತ್ತುಬಿಡುತ್ತಿದ್ದಳು. ಅತ್ತು ಕ್ಷಮಿಸಿಯೂ ಬಿಡುತ್ತಿದ್ದಳು, ಅಂಥವಳು. ಬದುಕಿದ್ದಾಗ ಒಂದು ಮಾತು ಕೊಡದವರಿಗೆ ಸತ್ತ ಮೇಲೆ ಅವಳ ಕಣ್ಣೀರು ಯಾಕೆ? ಅವಳು ಕೇಳಿದ್ದು ಹೇಳಿದ್ರಾ ಅಂತ. ನಿಂತಿದ್ರಾ ಅಂತ ಅಲ್ಲ.

‘ಇಲ್ಲ ಕಣೇ. ಏನೂ ಹೇಳ್ಲಿಲ್ಲ’ ಅಂದೆ.

‘ಸರಿ ಅಜ್ಜಿ’ ಅಂದಳು. ಸೂಪರ್‌ವೈಸರ್ ಬಂದನಂತೆ, ಫೋನು ಇಟ್ಟಳು.